ಎಣ್ಣೆ ಇಲ್ದೇ ಎಣ್ಣೆ ರುಚಿ: ರಮ್, ವಿಸ್ಕಿ, ಜಿನ್ ಫ್ಲೇವರ್ ಸಿರಪ್ ಮನೇಲೇ ಮಾಡೋದು ಹೆಂಗೆ

ಏಪ್ರಿಲ್ ಮೇ ಬಂತಂದ್ರೆ ದಾವಣಗೆರೆಲಿ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗಲ್ಲ, ಸಂಜೆ ಮಾಳಿಗೆ ಮೇಲೆ ನಾಲ್ಕು ಜನ ಸೇರಿದ್ರೆ ಕುಡಿಯೋರಿಗೆ ಬೇಕಾದಷ್ಟು ತರಹ ಇರ್ತವೆ, ಕುಡಿಯದೇ ಇರೋರಿಗೆ ಮಾತ್ರ ಅದೇ ಕೋಲಾ, ಅದೇ ಪ್ಯಾಕೆಟ್ ಜ್ಯೂಸು. ಗಾಡಿ ಓಡಿಸೋರು, ಮಾತ್ರೆ ತಗೊಳೋರು, ಬಸುರಿ ಬಾಣಂತಿಯರು, ಮೊದ್ಲಿಂದನೂ ಮುಟ್ಟದೇ ಇರೋರು, ಇವರೆಲ್ಲ ಒಂದು ಗ್ಲಾಸ್ ಹಿಡ್ಕೊಂಡು ನಿಧಾನಕ್ಕೆ ಹೀರ್ತಾ ಮಾತಾಡೋಕೆ ಒಂದು ಒಳ್ಳೆ ಡ್ರಿಂಕ್ ಬೇಕು ಅಂತ ನನಗೆ ಬಾಳ ದಿನದಿಂದ ಅನಿಸ್ತಿತ್ತು. ಅದಕ್ಕೇ ಈ ಸಿರಪ್ ಮಾಡೋದು ಕಲ್ತೆ. ಒಂದು ಹನಿ ಆಲ್ಕೋಹಾಲ್ ಇಲ್ಲ, ಆದ್ರೆ ರಮ್ಮಿನ ಆ ಬೆಲ್ಲದ ಘಮ, ವಿಸ್ಕಿಯ ಹೊಗೆ, ಜಿನ್ನಿನ ಆ ತಣ್ಣನೆ ಕಾಡಿನ ವಾಸನೆ ಎಲ್ಲ ಬರುತ್ತೆ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ರಿ, ಇದು ಗೊತ್ತಾದ್ರೆ ಮುಂದಿನ ಅಳತೆಗಳೆಲ್ಲ ನೀವೇ ಹೊಂದಿಸ್ಕೊಬಹುದು. ಬಾಟ್ಲಿ ಮೇಲೆ ಮಾಕ್‌ಟೇಲ್ ಅಂತ ಬರ್ದು ಮಾರೋದು ಬಹುತೇಕ ಬರೀ ಸಕ್ಕರೆ, ಬಣ್ಣ, ಒಂದಿಷ್ಟು ಎಸೆನ್ಸು, ಎರಡು ಗುಟುಕು ಕುಡಿದ್ರೆ ಸಾಕನ್ಸುತ್ತೆ. ಮದ್ಯದಲ್ಲಿ ನಿಧಾನಕ್ಕೆ ಕುಡಿಯೋ ಹಂಗೆ ಮಾಡೋದು ಸಿಹಿ ಅಲ್ಲ, ಕಹಿ, ಒಗರು ಮತ್ತೆ ಗಂಟಲಲ್ಲಿ ಇಳಿಯೋ ಆ ಉರಿ. ಈ ಮೂರು ಇಲ್ದಿದ್ರೆ ನೀವು ಎಷ್ಟೇ ಎಸೆನ್ಸ್ ಸುರಿದ್ರೂ ಅದು ಶರಬತ್ತೇ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯ ಇದೊಂದೇ.

ಉರಿ ಎಲ್ಲಿಂದ ತರೋದು ಅಂದ್ರೆ, ಅದಕ್ಕೆ ನಮ್ಮ ಅಡುಗೆಮನೆಲೇ ಉತ್ತರ ಐತೆ. ಮೆಣಸಿನಕಾಯಿ ಖಾರನ ನಮ್ಮ ಬಾಯಲ್ಲಿ ಗುರುತಿಸೋ ಒಂದು ಸಂವೇದಕ ಐತೆ, ಟಿಆರ್‌ಪಿವಿ1 ಅಂತಾರೆ, ಅದನ್ನ ಕಂಡುಹಿಡಿದಿದ್ದಕ್ಕೆ ಡೇವಿಡ್ ಜೂಲಿಯಸ್ ಅನ್ನೋ ವಿಜ್ಞಾನಿಗೆ 2021ರಲ್ಲಿ ನೊಬೆಲ್ ಸಿಕ್ತು. ಆಲ್ಕೋಹಾಲ್ ಗಂಟಲು ಸುಡೋದೂ ಅದೇ ಸಂವೇದಕನ ಕೆಣಕಿ, ಕಾಳುಮೆಣಸು ಶುಂಠಿ ಕೆಣಕೋದೂ ಅದನ್ನೇ. ಅಂದ್ರೆ ಶುಂಠಿ, ಕಾಳುಮೆಣಸು, ಒಂದು ಚೂರು ಒಣಮೆಣಸಿನಕಾಯಿ, ಇವನ್ನ ಖಾರ ಅಂತ ಗೊತ್ತಾಗದಷ್ಟು ಸಣ್ಣ ಪ್ರಮಾಣದಲ್ಲಿ ಹಾಕಿದ್ರೆ ಎಣ್ಣೆ ಉರಿಗೆ ಬಾಳ ಹತ್ತಿರ ಬರುತ್ತೆ. ಒಗರಿಗೆ ಬ್ಲ್ಯಾಕ್ ಟೀ, ಕಹಿಗೆ ಕಿತ್ತಳೆ ಸಿಪ್ಪೆ ಮತ್ತೆ ಮೆಂತ್ಯ, ಹುಳಿಗೆ ನಿಂಬೆಹಣ್ಣು ಅಥವಾ ವಿನೆಗರ್.

ಸಾಮಾನು ತರೋದು

ಮಂಡಿಪೇಟೆ ಚೌಕಿಪೇಟೆ ಕಡೆ ಹೋದ್ರೆ ಚಕ್ಕೆ, ಲವಂಗ, ಜಾಯಿಕಾಯಿ, ಏಲಕ್ಕಿ ಎಲ್ಲ ಬಿಡಿಯಾಗಿ ಸಿಗುತ್ತೆ, ಪ್ಯಾಕೆಟ್ಟಿಗಿಂತ ಬಿಡಿದೇ ನೋಡಿ ಮೂಸಿ ತಗೊಳ್ರಿ. ಬೆಲ್ಲ ಮಾತ್ರ ಕಪ್ಪುಬಣ್ಣದ್ದೇ ಬೇಕು, ಹಳದಿಯಾಗಿ ಹೊಳೆಯೋ ಬೆಲ್ಲದಲ್ಲಿ ರಮ್ಮಿಗೆ ಬೇಕಾದ ಆ ಗಾಢ ರುಚಿ ಇರಲ್ಲ. ಸಾಗರ ಶಿರಸಿ ಕಡೆಯಿಂದ ಯಾರಾದ್ರೂ ಬರೋರಿದ್ರೆ ಜೋನಿ ಬೆಲ್ಲ, ಅಂದ್ರೆ ಅಚ್ಚು ಹಾಕದ ನೀರು ಬೆಲ್ಲ, ತರಿಸ್ಕೊಳ್ರಿ, ಅದಕ್ಕಿಂತ ಒಳ್ಳೇದು ಇಲ್ಲ. ಜಿನ್ನಿಗೆ ಬೇಕಾಗಿರೋದು ಜುನಿಪರ್ ಅನ್ನೋ ಗಿಡದ ಒಣಗಿದ ಕಾಯಿ, ಅದನ್ನ ಆಯುರ್ವೇದದಲ್ಲಿ ಹಪುಷ ಅಂತಾರೆ, ಗ್ರಂಥಿಗೆ ಅಂಗಡೀಲಿ ಆ ಹೆಸರಲ್ಲಿ ಕೇಳ್ರಿ, ಇಲ್ಲಾಂದ್ರೆ ಆನ್‌ಲೈನ್. ಅದು ಬಿಟ್ರೆ ಗ್ರಾಂ ತೋರ್ಸೋ ಒಂದು ಸಣ್ಣ ತಕ್ಕಡಿ, ಸಣ್ಣ ಜರಡಿ, ತೆಳು ಬಿಳಿ ಬಟ್ಟೆ, ಮುಚ್ಚಳ ಇರೋ ಗಾಜಿನ ಬಾಟ್ಲಿಗಳು. ಬಾಟ್ಲಿಗಳನ್ನ ನೀರಲ್ಲಿ ಹತ್ತು ನಿಮಿಷ ಕುದಿಸಿ ಬೋರಲು ಹಾಕಿ ಪೂರ್ತಿ ಒಣಗಿಸ್ರಿ, ಒಳಗೆ ಹನಿ ನೀರು ಉಳಿದ್ರೂ ಬೂಸ್ಟು ಬೇಗ ಬರುತ್ತೆ.

ಪಾಕ

ಎಲ್ಲದಕ್ಕೂ ತಳಪಾಯ ಸಕ್ಕರೆ ಪಾಕ. ತೂಕದಲ್ಲಿ ಸಮಸಮ ಸಕ್ಕರೆ ನೀರು ಹಾಕಿದ್ರೆ ತೆಳು ಪಾಕ, ಸಕ್ಕರೆ ಎರಡು ಪಾಲು ನೀರು ಒಂದು ಪಾಲು ಹಾಕಿದ್ರೆ ಗಟ್ಟಿ ಪಾಕ. ಎಳೆ ಪಾಕ ಬರೋವರೆಗೆ ಕುದಿಸೋದು ಬೇಡ, ಸಕ್ಕರೆ ಕರಗಿದ್ರೆ ಸಾಕು. ತೆಳು ಪಾಕ ಫ್ರಿಜ್ಜಲ್ಲಿ ಎರಡು ಮೂರು ವಾರ ಇರುತ್ತೆ, ಗಟ್ಟಿದು ಅದಕ್ಕಿಂತ ಜಾಸ್ತಿ, ಯಾಕಂದ್ರೆ ಸಕ್ಕರೆ ಜಾಸ್ತಿ ಇದ್ದಷ್ಟೂ ನೀರನ್ನ ಹಿಡಿದಿಟ್ಕೊಳುತ್ತೆ, ಸೂಕ್ಷ್ಮಜೀವಿಗಳಿಗೆ ಬೆಳೆಯೋಕೆ ನೀರು ಸಿಗಲ್ಲ.

ರಮ್ ಸಿರಪ್

ನನಗೆ ಇದೇ ಎಲ್ಲಕ್ಕಿಂತ ಇಷ್ಟ, ಹೊಸದಾಗಿ ಮಾಡೋರೂ ಇದರಿಂದನೇ ಶುರು ಮಾಡ್ರಿ. ರಮ್ ಹುಟ್ಟೋದೇ ಕಬ್ಬಿನಿಂದ, ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯಿಂದ, ಹಂಗಾಗಿ ನಮ್ಮ ಬೆಲ್ಲದಲ್ಲಿ ಅದರ ಅರ್ಧ ರುಚಿ ಮೊದ್ಲೇ ಐತೆ.

ದಪ್ಪ ತಳದ ಪಾತ್ರೇಲಿ 50 ಗ್ರಾಂ ಸಕ್ಕರೆ ನೀರಿಲ್ದೇ ಸಣ್ಣ ಉರೀಲಿ ಇಡ್ರಿ. ಕರಗಿ ಜೇನು ಬಣ್ಣ, ಆಮೇಲೆ ಗಾಢ ಕಂದು ಬಣ್ಣ ಬರುತ್ತೆ, ಹೊಗೆ ಏಳೋಕೆ ಶುರುವಾಗೋ ಮುಂಚೆ ಒಲೆ ಆರಿಸಿ 250 ಎಂಎಲ್ ಬಿಸಿನೀರು ಸ್ವಲ್ಪ ಸ್ವಲ್ಪನೇ ಹಾಕ್ರಿ. ಇಲ್ಲಿ ಬಾಳ ಹುಷಾರು, ಕರಗಿದ ಸಕ್ಕರೆ 170 ಡಿಗ್ರಿ ಆಸುಪಾಸು ಇರುತ್ತೆ, ನೀರು ಬಿದ್ದ ಕೂಡ್ಲೇ ಸಿಡಿಯುತ್ತೆ, ಉದ್ದ ಹಿಡಿಕೆ ಸೌಟು ಇಟ್ಕೊಂಡು ಮುಖ ದೂರ ಹಿಡ್ಕೊಂಡು ಮಾಡ್ರಿ, ಮಕ್ಕಳನ್ನ ಅಡುಗೆಮನೆಯಿಂದ ಹೊರಗೆ ಕಳ್ಸಿ. ನೀರು ಸೇರಿದ ಮೇಲೆ 300 ಗ್ರಾಂ ಕಪ್ಪು ಬೆಲ್ಲ ಪುಡಿ ಮಾಡಿ ಹಾಕಿ ಕರಗಿಸಿ ಬಟ್ಟೇಲಿ ಸೋಸ್ರಿ, ಬೆಲ್ಲದಲ್ಲಿ ಮರಳು ಕಸ ಇದ್ದೇ ಇರುತ್ತೆ.

ಸೋಸಿದ್ದನ್ನ ಮತ್ತೆ ಒಲೆ ಮೇಲಿಟ್ಟು ಬೆರಳುದ್ದ ಚಕ್ಕೆ, ನಾಲ್ಕು ಲವಂಗ, ಜಜ್ಜಿದ ಆರು ಕಾಳುಮೆಣಸು, ಒಂದು ಕಿತ್ತಳೆಯ ಹೊರಗಿನ ಬಣ್ಣದ ಸಿಪ್ಪೆ ಮಾತ್ರ, ಒಂದು ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಸಣ್ಣಗೆ ಕುದಿಸ್ರಿ. ಒಲೆ ಆರ್ಸಿದ ಮೇಲೆ ಒಂದು ಚಮಚ ಟೀ ಪುಡಿ ಹಾಕಿ ಮೂರೇ ನಿಮಿಷ ಬಿಟ್ಟು ಸೋಸಿಬಿಡ್ರಿ. ಟೀ ಜಾಸ್ತಿ ಹೊತ್ತು ನೆನೆದ್ರೆ ಒಗರು ಅತಿಯಾಗಿ ಕಹಿನೂ ಹಿಡಿಯುತ್ತೆ. ಆರಿದ ಮೇಲೆ ಜಾಯಿಕಾಯಿ ಚೂರೇ ಚೂರು ತೇಯ್ದು, ಒಂದು ಚಮಚ ಆಲ್ಕೋಹಾಲ್ ಇಲ್ಲದ ವೆನಿಲಾ ಎಸೆನ್ಸ್ ಹಾಕ್ರಿ.

ಇನ್ನೊಂದು ಗುಟ್ಟು ಹೇಳ್ತೀನಿ. ರಮ್ಮಿನ ವಾಸನೇಲಿ ಹಣ್ಣಿನ ಘಮ ಬರೋದಕ್ಕೆ ಕಾರಣ ಎಸ್ಟರ್ ಅನ್ನೋ ರಾಸಾಯನಿಕಗಳು, ಅದರಲ್ಲಿ ಒಂದು ಬಾಳೆಹಣ್ಣಿನ ವಾಸನೆಗೂ ಕಾರಣ. ಹಂಗಾಗಿ ಸಿಪ್ಪೆ ಕಪ್ಪಾಗೋವಷ್ಟು ಕಳಿತ ಒಂದು ಪುಟ್ಟಬಾಳೆ ಹೆಚ್ಚಿ ಬಿಸಿ ಸಿರಪ್‌ನಲ್ಲಿ ಅರ್ಧ ಗಂಟೆ ಬಿಟ್ಟು ಹಿಂಡದೇ ಸೋಸಿದ್ರೆ, ಬಾಟ್ಲಿ ಮುಚ್ಚಳ ತೆಗೆದ ಕೂಡ್ಲೇ ಕುಡಿಯೋರು ಸಹ ಒಂದು ಸಲ ನಿಮ್ಮ ಮುಖ ನೋಡ್ತಾರೆ. ಬಾಳೆ ಹಾಕಿದ್ದು ಒಂದು ವಾರದೊಳಗೆ ಮುಗಿಸ್ರಿ.

ಕುಡಿಯೋಕೆ 30 ಎಂಎಲ್ ಸಿರಪ್, 10 ಎಂಎಲ್ ನಿಂಬೆರಸ, 120 ಎಂಎಲ್ ತಣ್ಣನೆ ಸೋಡಾ, ಐಸ್. ಡಿಸೆಂಬರಲ್ಲಿ ಸೋಡಾ ಬದ್ಲು ಬಿಸಿನೀರು ಹಾಕಿದ್ರೆ ಚಳಿಗೆ ಇನ್ನೂ ಚಲೋ. ಕೋಲಾ ಜೊತೆ ಹಾಕಬೇಡ್ರಿ ಅಂತ ನಾನು ಹೇಳ್ತೀನಿ, ಕೋಲಾದಲ್ಲಿ ಮೊದ್ಲೇ ಸಕ್ಕರೆ ತುಂಬಿರುತ್ತೆ.

ವಿಸ್ಕಿ ಸಿರಪ್

ಇದು ಸ್ವಲ್ಪ ಕೆಲಸ. ವಿಸ್ಕಿ ರುಚಿ ಅಂದ್ರೆ ಮೂರು ಪದರ: ಬಾರ್ಲಿ, ಮರ, ಹೊಗೆ. ಸ್ಕಾಟ್ಲೆಂಡಿನ ವಿಸ್ಕಿನ ಸ್ಕಾಚ್ ಅಂತ ಕರೀಬೇಕಂದ್ರೆ ಓಕ್ ಮರದ ಪೀಪಾಯಿಲಿ ಕನಿಷ್ಠ 3 ವರ್ಷ ಇಟ್ಟಿರಬೇಕು ಅಂತ ಅಲ್ಲಿ ಕಾನೂನೇ ಐತೆ, ಆ ಮರದಲ್ಲಿರೋ ಲಿಗ್ನಿನ್ ಒಡೆದು ವೆನಿಲಾ ಪರಿಮಳದ ವೆನಿಲಿನ್ ಆಗುತ್ತೆ, ಮರದ ಒಗರೂ ಇಳಿಯುತ್ತೆ. ನಾವು ಪೀಪಾಯಿ ತರೋಕಾಗಲ್ಲ, ಆದ್ರೆ ವೆನಿಲಾನೂ ಟೀನೂ ಸೇರಿದ್ರೆ ಆ ಮರದ ಪದರ ಬಂದಂಗೇ.

ಎರಡು ದೊಡ್ಡ ಚಮಚ ಬಾರ್ಲಿ, ಅದೇ ಜವೆಗೋಧಿ, ಬಾಣಲೇಲಿ ಕಾಫಿಬೀಜದ ಬಣ್ಣಕ್ಕೆ ಒಂಚೂರು ಮುಂಚೆ ಬರೋವರೆಗೆ ಹುರೀರಿ. 400 ಎಂಎಲ್ ನೀರಲ್ಲಿ ಕಾಲು ಗಂಟೆ ಕುದಿಸಿದ್ರೆ 250 ಎಂಎಲ್ ಹತ್ರ ಉಳಿಯುತ್ತೆ, ಸೋಸಿ ಅದರಲ್ಲೇ ಒಂದು ಚಮಚ ಟೀ ಪುಡಿ ನಾಲ್ಕು ನಿಮಿಷ ನೆನೆಸಿ ಮತ್ತೆ ಸೋಸ್ರಿ. ಆ ಡಿಕಾಕ್ಷನ್‌ಗೆ 400 ಗ್ರಾಂ ಸಕ್ಕರೆ ಹಾಕಿ ಕರಗಿಸಿ, ಆರಿದ ಮೇಲೆ ಒಂದು ದೊಡ್ಡ ಚಮಚ ಜೇನು, ಒಂದು ಸಣ್ಣ ಚಮಚ ಶುಂಠಿ ರಸ, ಅರ್ಧ ಚಮಚ ವೆನಿಲಾ. ಉರಿಗೆ ಅರ್ಧ ಒಣಮೆಣಸಿನಕಾಯಿ ಬೀಜ ತೆಗೆದು, ಸಿರಪ್ ಆರೋಕೆ ಮುಂಚೆ ಬಿಸಿ ಇರೋವಾಗಲೇ ಹಾಕಿ ಎರಡು ನಿಮಿಷಕ್ಕೆ ತೆಗೀರಿ. ಬ್ಯಾಡಗಿ ಹಾಕಿದ್ರೆ ಬಣ್ಣ ಬರುತ್ತೆ, ಉರಿ ಅಷ್ಟಾಗಿ ಬರಲ್ಲ, ಗುಂಟೂರು ಹಾಕ್ರಿ.

ಈಗ ಹೊಗೆ. ತೆಂಗಿನ ಕರಟದ ಒಂದು ಸಣ್ಣ ಚೂರು ಕೆಂಡ ಮಾಡ್ಕೊಂಡು ಪುಟ್ಟ ಸ್ಟೀಲ್ ಬಟ್ಲಲ್ಲಿ ಇಡ್ರಿ, ಆ ಬಟ್ಲನ್ನ ಸಿರಪ್ ಇರೋ ದೊಡ್ಡ ಪಾತ್ರೆ ಒಳಗೆ ಒಂದು ಸ್ಟ್ಯಾಂಡ್ ಮೇಲೆ ಕೂರ್ಸಿ, ಕೆಂಡದ ಮೇಲೆ ಒಂದು ಚೂರು ಚಕ್ಕೆ ಹಾಕಿ ಗಟ್ಟಿಯಾಗಿ ಮುಚ್ರಿ. ಪಲಾವಿಗೆ ದಾಲಿಗೆ ಹೊಗೆ ಕೊಡುವಾಗ ತುಪ್ಪ ಹಾಕ್ತೀವಲ್ಲ, ಇಲ್ಲಿ ತುಪ್ಪ ಬೇಡ, ಸಿರಪ್ ಮೇಲೆ ಜಿಡ್ಡು ತೇಲುತ್ತೆ. ಮೂರು ನಾಲ್ಕು ನಿಮಿಷ ಸಾಕು, ಜಾಸ್ತಿ ಆದ್ರೆ ಬೂದಿ ರುಚಿ. ಕಿಟಕಿ ತೆಗೆದಿಡ್ರಿ, ಬಾಗಿಲು ಮುಚ್ಚಿದ ರೂಮಲ್ಲಿ ಕೆಂಡದ ಕೆಲಸ ಯಾವತ್ತೂ ಮಾಡಬಾರ್ದು. ಇಷ್ಟು ರಗಳೆ ಬೇಡ ಅನ್ನೋರು ಚಕ್ಕೆ ತುದಿಗೆ ಬೆಂಕಿ ಹಚ್ಚಿ ಆರಿಸಿ, ಅದರ ಹೊಗೆ ಮೇಲೆ ಖಾಲಿ ಗ್ಲಾಸ್ ಬೋರಲು ಹಿಡಿದು, ಹೊಗೆ ತುಂಬಿದ ಗ್ಲಾಸಿಗೇ ಡ್ರಿಂಕ್ ಸುರೀರಿ.

ಇದಕ್ಕೆ ಸೋಡಾ ಕಡಿಮೆ, 25 ಎಂಎಲ್ ಸಿರಪ್‌ಗೆ 80 ಎಂಎಲ್ ಸಾಕು, ನಿಂಬೆರಸ ಐದಾರು ಹನಿ, ಒಂದು ದೊಡ್ಡ ಐಸ್ ಗಡ್ಡೆ. ಜೊತೆಗೆ ಮಂಡಕ್ಕಿ ಮೆಣಸಿನಕಾಯಿ ಇದ್ರೆ ಆಯ್ತು, ನಮ್ಮೂರ ಭಟ್ಟಿ ಮಂಡಕ್ಕಿಯ ಆ ಉಪ್ಪು ಗರಿಗರಿಗೆ ಈ ಹೊಗೆ ರುಚಿ ಎಷ್ಟು ಹೊಂದುತ್ತೆ ಅಂದ್ರೆ ಬೇರೆ ಸ್ನಾಕ್ಸ್ ಯಾರೂ ಕೇಳಲ್ಲ.

ಜಿನ್

ಇದಕ್ಕೆ ಕುದಿಸೋದೇ ಬೇಡ. ಒಂದು ಚಮಚ ಹಪುಷ ಲಘುವಾಗಿ ಜಜ್ಜಿ, ಒಂದು ಚಮಚ ಕೊತ್ತಂಬರಿ ಬೀಜ, ಎರಡು ಏಲಕ್ಕಿ, ಒಂದು ನಿಂಬೆಯ ಹೊರ ಸಿಪ್ಪೆ, ಇವಿಷ್ಟನ್ನ ಕುದ್ದು ಇಳಿಸಿದ 300 ಎಂಎಲ್ ನೀರಲ್ಲಿ ಹಾಕಿ ಇಪ್ಪತ್ತು ನಿಮಿಷ ಗಟ್ಟಿಯಾಗಿ ಮುಚ್ಚಿಡ್ರಿ. ತೆರೆದಿಟ್ರೆ ಪರಿಮಳದ ಎಣ್ಣೆ ಅಂಶ ಹಬೆ ಜೊತೆ ಹಾರಿಹೋಗುತ್ತೆ, ಮನೆಯೆಲ್ಲ ಘಮಘಮ, ಗ್ಲಾಸಲ್ಲಿ ಏನೂ ಇಲ್ಲ. ಸೋಸಿ ಬಿಸಿ ಇರೋವಾಗಲೇ 200 ಗ್ರಾಂ ಸಕ್ಕರೆ ಕಲಸ್ರಿ. ಇದರಲ್ಲಿ ಸಕ್ಕರೆ ಕಡಿಮೆ, ಹಂಗಾಗಿ ವಾರ ಹತ್ತು ದಿನದೊಳಗೆ ಮುಗಿಸ್ಬೇಕು. ನಿಜವಾದ ಜಿನ್ನಿನಲ್ಲೂ ಜುನಿಪರ್ ಬಿಟ್ರೆ ಮುಖ್ಯ ಮಸಾಲೆ ಕೊತ್ತಂಬರಿ ಬೀಜವೇ, ನಮ್ಮ ಸಾರಿನ ಪುಡಿ ಡಬ್ಬಿಯಲ್ಲಿರೋದು ಅದೇ. ಸೌತೆಕಾಯಿ ತೆಳುವಾಗಿ ಹೆಚ್ಚಿ ಗ್ಲಾಸಿಗೆ ಹಾಕಿ ಟಾನಿಕ್ ವಾಟರ್ ಜೊತೆ ಕೊಡ್ರಿ, ಅದರಲ್ಲಿರೋ ಕ್ವಿನೈನ್ ಕಹಿ ಇದಕ್ಕೆ ಸರಿಯಾಗಿ ಕೂರುತ್ತೆ. ಬಸುರಿಯರು, ಕಿಡ್ನಿ ತೊಂದ್ರೆ ಇರೋರು ಹಪುಷ ಮುಟ್ಟೋದು ಬೇಡ, ಕ್ವಿನೈನ್ ಆಗದೇ ಇರೋರಿಗೂ ಹಾರ್ಟ್ ಮಾತ್ರೆ ತಗೊಳೋರಿಗೂ ಟಾನಿಕ್ ವಾಟರ್ ಕೊಡಬೇಡ್ರಿ. ಅವರಿಗೆ ಬರೀ ಕೊತ್ತಂಬರಿ ಏಲಕ್ಕಿ ನಿಂಬೆ ಸಿಪ್ಪೆದು ಬೇರೆ ಮಾಡಿ ಸಾದಾ ಸೋಡಾ ಹಾಕಿಕೊಡ್ರಿ.

ದಾಳಿಂಬೆ ವೈನ್ ರುಚಿ

ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಹೊಸದುರ್ಗ ಕಡೆ ದಾಳಿಂಬೆ ಬೆಳೆಯೋವಾಗ, ಸಾಂಗ್ರಿಯಾ ಅಂದ್ರೆ ಹಣ್ಣು ಹಾಕಿದ ವೈನಿನ ಎಸೆನ್ಸ್ ಕೊಳ್ಳೋದು ಯಾಕ್ರಿ. 250 ಗ್ರಾಂ ದಾಳಿಂಬೆ ಕಾಳು ಲಘುವಾಗಿ ಜಜ್ಜಿ 150 ಗ್ರಾಂ ಸಕ್ಕರೆ ಕಲಸಿ ಫ್ರಿಜ್ಜಲ್ಲಿ ಒಂದು ದಿನ ಬಿಡ್ರಿ, ಸಕ್ಕರೆ ತಾನೇ ರಸ ಎಳೆಯುತ್ತೆ. ಸೋಸಿ 60 ಎಂಎಲ್ ಆಪಲ್ ಸೈಡರ್ ವಿನೆಗರ್, ಕಾಲು ಕಪ್ ಸ್ಟ್ರಾಂಗ್ ಟೀ ಡಿಕಾಕ್ಷನ್ ಹಾಲಿಲ್ದೇ, ಒಂದು ಚೂರು ಚಕ್ಕೆ. ರೆಡ್ ವೈನ್ ಕುಡಿದಾಗ ಬಾಯಿ ಒಣಗಿದಂಗೆ ಆಗೋದು ದ್ರಾಕ್ಷಿ ಸಿಪ್ಪೆ ಬೀಜದ ಟ್ಯಾನಿನ್ ಅನ್ನೋ ಒಗರು ಅಂಶದಿಂದ, ಇಲ್ಲಿ ಆ ಕೆಲಸ ಟೀ ಮಾಡುತ್ತೆ. ಸೇಬು ಮೋಸಂಬಿ ಹೆಚ್ಚಿ ಹಾಕಿ ಜಗ್‌ನಲ್ಲಿ ಇಟ್ರೆ ನೋಡೋಕೂ ಚಂದ.

ಮೊಹಿತೋ ಬಗ್ಗೆ ಹೇಳೋದೇನಿಲ್ಲ, ಪುದೀನ ನಿಂಬೆ ತೆಳು ಪಾಕ ಸೋಡಾ ಅಷ್ಟೇ, ಪುದೀನ ಕುಟ್ಟಬೇಡ್ರಿ, ಅಂಗೈಲಿ ಒಂದು ಸಲ ತಟ್ಟಿ ಹಾಕ್ರಿ, ಕುಟ್ಟಿದ್ರೆ ಹಸಿ ಸೊಪ್ಪಿನ ಕಹಿ ಬಿಡುತ್ತೆ.

ಕಹಿ ಹನಿ

ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ, ಬಿಡಬೇಡ್ರಿ. ಎರಡು ಕಿತ್ತಳೆ ಸಿಪ್ಪೆ ಒಳಗಿನ ಬಿಳಿ ಸಮೇತ, ಅರ್ಧ ಚಮಚ ಹುರಿದ ಮೆಂತ್ಯ, ನಾಲ್ಕು ಲವಂಗ, 200 ಎಂಎಲ್ ನೀರಲ್ಲಿ ಕುದಿಸಿ 50 ಎಂಎಲ್‌ಗೆ ಇಳಿಸಿ ಸೋಸಿ ಡ್ರಾಪರ್ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಡ್ರಿ, ಒಂದು ವಾರ ಇರುತ್ತೆ. ರಮ್ಮಿಗೆ ವಿಸ್ಕಿಗೆ ಗ್ಲಾಸಿಗೆ ನಾಲ್ಕೈದು ಹನಿ. ಹಾಕಿ ಒಂದು ಗುಟುಕು, ಹಾಕದೇ ಒಂದು ಗುಟುಕು ಕುಡಿದು ನೋಡ್ರಿ, ಸಿಹಿ ಹಿಂದೆ ಸರಿದು ಮಸಾಲೆ ಮುಂದೆ ಬರೋದು ನಿಮಗೇ ಗೊತ್ತಾಗುತ್ತೆ. ಅಂಗಡೀಲಿ ಸಿಗೋ ಅಂಗೊಸ್ಟುರಾ ಬಿಟರ್ಸ್ ಅನ್ನೋ ಕಹಿ ಹನಿ ತರೋರು ಒಂದು ತಿಳ್ಕೊಳ್ರಿ, ಅದರಲ್ಲಿ 44.7 ಪರ್ಸೆಂಟ್ ಆಲ್ಕೋಹಾಲ್ ಐತೆ. ಕೇಕಿಗೆ ಹಾಕೋ ಎಸೆನ್ಸ್‌ಗಳಲ್ಲೂ ಕೆಲವು ಆಲ್ಕೋಹಾಲ್ ಬೇಸ್ ಇರ್ತವೆ, ವೆನಿಲಾ ಸೇರಿ. ಧರ್ಮದ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ಪೂರ್ತಿ ದೂರ ಇರೋರಿಗೆ ಕೊಡೋದಾದ್ರೆ ಲೇಬಲ್ ಓದಿ, ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಗುರುತು ನೋಡಿ ತಗೊಳ್ರಿ.

ರುಚಿ ಸರಿ ಮಾಡೋದು

ಯಾವಾಗ್ಲೂ ಸೋಡಾ ಐಸ್ ಹಾಕಿದ ಮೇಲೆ ರುಚಿ ನೋಡ್ರಿ, ಬರೀ ಸಿರಪ್ ನೆಕ್ಕಿ ನೋಡಿದ್ರೆ ಏನೂ ತಿಳಿಯಲ್ಲ, ತಣ್ಣಗಾದಾಗ ಸಿಹಿ ಕಡಿಮೆ ಅನ್ಸುತ್ತೆ. ಜ್ಯೂಸ್ ತರ ಐತೆ ಅನಿಸಿದ್ರೆ ಕಹಿ ಹನಿ, ಸಪ್ಪೆ ಅನಿಸಿದ್ರೆ ಸಕ್ಕರೆ ಅಲ್ಲ ನಿಂಬೆ ಇಲ್ಲಾ ಒಂದು ಕಾಳು ಉಪ್ಪು, ನೀರುನೀರು ಅನಿಸಿದ್ರೆ ಟೀ. ಉರಿ ಮಾತ್ರ ಗ್ಲಾಸಲ್ಲಿ ಸೇರ್ಸೋಕೆ ಹೋಗಬೇಡ್ರಿ, ಅದು ಸಿರಪ್‌ನಲ್ಲೇ ಇಳಿದಿರಬೇಕು.

ಸಕ್ಕರೆ ಲೆಕ್ಕನೂ ಹೇಳಿಬಿಡ್ತೀನಿ. ತೆಳು ಪಾಕದ 30 ಎಂಎಲ್‌ನಲ್ಲಿ ಸುಮಾರು 18 ಗ್ರಾಂ ಸಕ್ಕರೆ ಇರುತ್ತೆ, ಗಟ್ಟಿ ಪಾಕದಲ್ಲಿ ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ದಿನಕ್ಕೆ 50 ಗ್ರಾಂ ಒಳಗೆ, ಆದ್ರೆ 25ಕ್ಕೆ ಇಳಿಸಿದ್ರೆ ಒಳ್ಳೇದು ಅನ್ನೋ ಲೆಕ್ಕ ಕೊಡುತ್ತೆ. ಒಂದೆರಡು ಗ್ಲಾಸ್ ಸಾಕು, ಶುಗರ್ ಇರೋರಿಗೆ ಸಿರಪ್ ಬದ್ಲು ಹುರಿದ ಬಾರ್ಲಿ ಟೀ ಡಿಕಾಕ್ಷನ್, ನಿಂಬೆ, ಕಹಿ ಹನಿ, ಸೋಡಾ ಹಾಕಿ ಕೊಡ್ರಿ, ಅದೂ ಚೆನ್ನಾಗೇ ಇರುತ್ತೆ.

ಕೆಡೋದು, ಮತ್ತೆ ಎರಡು ಎಚ್ಚರಿಕೆ

ಬೆಲ್ಲದ್ದು ಹಣ್ಣಿಂದು ಹೊರಗಿಟ್ರೆ ಹುದುಗುತ್ತೆ. ಮುಚ್ಚಳ ತೆಗೆದಾಗ ಬುಸ್ ಅಂದ್ರೆ, ಗುಳ್ಳೆ ಕಂಡ್ರೆ, ಹುಳಿ ವಾಸನೆ ಬಂದ್ರೆ ರುಚಿ ಸಹ ನೋಡದೇ ಚೆಲ್ರಿ, ಗಟ್ಟಿ ಮುಚ್ಚಿದ ಗಾಜಿನ ಬಾಟ್ಲಿ ಒಳಗೆ ಗ್ಯಾಸ್ ತುಂಬಿ ಒಡೆಯೋದೂ ಉಂಟು. ಬಾಟ್ಲಿ ಮೇಲೆ ಮಾಡಿದ ತಾರೀಕು ಬರೆದು ಅಂಟಿಸ್ರಿ.

ನಮ್ಮ ಅಕ್ಕನ ಮಗ ಪಿಯುಸಿ ಓದ್ತಾನೆ, ಇದನ್ನ ಮಾಡೋದು ನೋಡಿ ಮಾಮಾ ಇದನ್ನೇ ವೇಪ್‌ಗೆ, ಅಂದ್ರೆ ಇ-ಸಿಗರೇಟಿಗೆ, ಹಾಕಬಹುದಾ ಅಂದ. ಬೇರೆ ಹುಡುಗರಿಗೂ ಇದು ಹೊಳೆದಿರುತ್ತೆ ಅಂತ ಇಲ್ಲೇ ಹೇಳ್ತೀನಿ, ಖಂಡಿತ ಹಾಕಬಾರ್ದು. ಇ-ಸಿಗರೇಟ್ ತಯಾರಿಕೆ ಮಾರಾಟ ದಾಸ್ತಾನು ಎಲ್ಲ ನಮ್ಮ ದೇಶದಲ್ಲಿ 2019ರ ಕಾಯ್ದೆಯಲ್ಲಿ ನಿಷೇಧ, ತಯಾರಿಸಿ ಮಾರಿ ಮೊದಲ ಸಲ ಸಿಕ್ಕಿಬಿದ್ರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅದಕ್ಕಿಂತ ಮುಖ್ಯ, ತಿನ್ನೋಕೆ ಆಗೋದು ಉಸಿರಾಡೋಕೆ ಆಗಲ್ಲ. ಬೆಣ್ಣೆ ವಾಸನೆ ಕೊಡೋ ಡಯಾಸಿಟಿಲ್ ಅನ್ನೋದು ತಿಂದ್ರೆ ಏನೂ ಆಗಲ್ಲ, ಆದ್ರೆ ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಫ್ಯಾಕ್ಟರಿ ಕೆಲಸಗಾರರು ಅದರ ಹಬೆ ಉಸಿರಾಡಿ ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಮತ್ತೆ ಸರಿಹೋಗದ ಕಾಯಿಲೆ ಬಂತು, 2000ದಲ್ಲಿ ಅದು ಬೆಳಕಿಗೆ ಬಂದಿದ್ದು. ಅವನಿಗೆ ಇಷ್ಟೂ ಹೇಳಿದೆ, ಅರ್ಥ ಮಾಡ್ಕೊಂಡ.

ಎರಡನೇದು, ಕುಡಿತ ಬಿಟ್ಟು ಕಷ್ಟಪಟ್ಟು ನಿಂತಿರೋರಿಗೆ ಕೇಳದೇ ಈ ರಮ್ ವಿಸ್ಕಿ ರುಚಿ ಕೊಡಬೇಡ್ರಿ. ಆ ವಾಸನೆ ಆ ಉರಿ ಅವರಿಗೆ ಹಳೇ ಆಸೆ ಎಬ್ಬಿಸಬಹುದು. ಅವರಿಗಂತ ದಾಳಿಂಬೆದೋ ಪುದೀನದ್ದೋ ಬೇರೆ ಗ್ಲಾಸಲ್ಲಿ ಕೊಡ್ರಿ, ಯಾಕೆ ಅಂತ ಎಲ್ಲರ ಮುಂದೆ ವಿವರಿಸೋದೂ ಬೇಡ.

ಜನ ಜಾಸ್ತಿ ಇದ್ದಾಗ

ಇಪ್ಪತ್ತು ಗ್ಲಾಸಿಗೆ 600 ಎಂಎಲ್ ಸಿರಪ್, 200 ಎಂಎಲ್ ನಿಂಬೆರಸ ಅಂದ್ರೆ ಹತ್ತು ಹನ್ನೆರಡು ಹಣ್ಣು, ಎರಡೂವರೆ ಲೀಟರ್ ಸೋಡಾ ಬೇಕು. ಸಿರಪ್ಪೂ ನಿಂಬೆರಸನೂ ಕಲಸಿ ಮೂರು ನಾಲ್ಕು ಗಂಟೆ ಮುಂಚೆನೇ ಫ್ರಿಜ್ಜಲ್ಲಿಡ್ರಿ, ಸೋಡಾ ಬಾಟ್ಲಿಗಳೂ ಅಲ್ಲೇ ತಣ್ಣಗಾಗ್ಲಿ. ಜಗ್‌ಗೆ ಸೋಡಾ ಸುರಿದಿಟ್ರೆ ಹತ್ತು ನಿಮಿಷಕ್ಕೆ ಗ್ಯಾಸ್ ಹೋಗುತ್ತೆ, ಒಬ್ಬೊಬ್ಬರ ಗ್ಲಾಸಿಗೆ 40 ಎಂಎಲ್ ಮಿಶ್ರಣ ಹಾಕಿ, ಐಸ್ ಹಾಕಿ, ಸೋಡಾ ಕೊನೇಲಿ ಗ್ಲಾಸ್ ಓರೆ ಹಿಡಿದು ಸುರಿದು, ಚಮಚದಲ್ಲಿ ಒಂದೇ ಸಲ ಕೆಳಗಿಂದ ಮೇಲಕ್ಕೆ ತಿರುವಿ ಕೊಡ್ರಿ.